ಪಿನ್ ಕೂತರೆ ಸಾಲದು: ಲ್ಯಾಪ್‌ಟಾಪಿಗೆ ಕಡಿಮೆ ವ್ಯಾಟಿನ ಚಾರ್ಜರ್ ಹಾಕಿದರೆ ಏನಾಗುತ್ತದೆ?

2021ರ ಮೇ ತಿಂಗಳು. ಮೈಸೂರಿನಲ್ಲಿ ನನ್ನ ಅಣ್ಣ ತೀರಿಕೊಂಡ ಹದಿಮೂರನೆಯ ದಿನ. ಕರ್ನಾಟಕದಲ್ಲಿ ಲಾಕ್‌ಡೌನ್ ಇತ್ತು. ಇಲ್ಲಿಂದ ಹೊರಟು ಸಮಯಕ್ಕೆ ಸೇರಿಕೊಳ್ಳುವ ದಾರಿಯೇ ಇರಲಿಲ್ಲ. ಅಲ್ಲಿ ಬೆಳಗಿನ ಒಂಬತ್ತೂವರೆ ಎಂದರೆ ಮಿಷಿಗನ್‌ನಲ್ಲಿ ನಮಗೆ ನಡುರಾತ್ರಿ ಹನ್ನೆರಡು. ಅಣ್ಣನ ಮಗ ವಿಡಿಯೊ ಕರೆಯ ಏರ್ಪಾಟು ಮಾಡಿದ್ದ. ನಾನೂ ನನ್ನ ಹೆಂಡತಿಯೂ ಕೆಳಗಿನ ಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತೆವು. ಬ್ಯಾಟರಿ ಶೇಕಡ 40ರಷ್ಟಿತ್ತು. ಲ್ಯಾಪ್‌ಟಾಪಿನ ಜೊತೆ ಬಂದ ಚಾರ್ಜರ್ ಮಹಡಿಯ ಮೇಲೆ ಬ್ಯಾಗಿನಲ್ಲಿತ್ತು. ಮೆಟ್ಟಿಲು ಹತ್ತುವ ಮನಸ್ಸಾಗಲಿಲ್ಲ. ಪಕ್ಕದಲ್ಲೇ ಹೆಂಡತಿಯ ಫೋನಿನ ಚಾರ್ಜರ್ ಇತ್ತು, ಪಿನ್ ಎರಡಕ್ಕೂ ಒಂದೇ. ಅದನ್ನೇ ಚುಚ್ಚಿದೆ. ಪರದೆಯ ಮೂಲೆಯಲ್ಲಿ ಬ್ಯಾಟರಿಯ ಚಿತ್ರದ ಮೇಲೆ ಪುಟ್ಟ ಪ್ಲಗ್ಗಿನ ಗುರುತು ಮೂಡಿತು. ನಿಶ್ಚಿಂತೆಯಾಗಿ ಕೂತೆ.

ಸುಮಾರು ಒಂದು ಗಂಟೆ ಇಪ್ಪತ್ತು ನಿಮಿಷ ಎಲ್ಲವೂ ಸರಿಯಾಗಿಯೇ ನಡೆಯಿತು. ಕಾರ್ಯ ಮುಗಿದ ಮೇಲೆ ಅತ್ತಿಗೆ ಅಣ್ಣನ ಬಗ್ಗೆ ನಾಲ್ಕು ಮಾತಾಡಬೇಕೆಂದು ಕ್ಯಾಮೆರಾದ ಮುಂದೆ ಬಂದು ಕೂತರು. "ನಿಮ್ಮಣ್ಣ..." ಎಂದು ಅವರು ಶುರುಮಾಡುತ್ತಿದ್ದಂತೆ ಪರದೆ ಕಪ್ಪಾಯಿತು. ಇಂಟರ್‌ನೆಟ್ ಹೋಯಿತೆಂದು ರೌಟರಿನ ಕಡೆ ಓಡಿದೆ. ಅದರ ದೀಪಗಳೆಲ್ಲ ಸರಿಯಾಗಿದ್ದವು. ಸತ್ತದ್ದು ಲ್ಯಾಪ್‌ಟಾಪ್. ಬ್ಯಾಟರಿ ಮುಗಿಯುತ್ತಿದೆ ಎಂಬ ಎಚ್ಚರಿಕೆ ಬಂದಿರಲೂಬಹುದು. ಕಣ್ಣೆಲ್ಲ ಅಣ್ಣನ ಪಟದ ಮೇಲಿದ್ದಾಗ ಮೂಲೆಯಲ್ಲಿ ಬಂದುಹೋಗುವ ಒಂದು ಸಾಲನ್ನು ಯಾರು ನೋಡುತ್ತಾರೆ? ಫೋನಿನಲ್ಲಿ ಮತ್ತೆ ಸೇರಿಕೊಳ್ಳುವ ಹೊತ್ತಿಗೆ ಅಲ್ಲಿ ಊಟಕ್ಕೆ ಎಲೆ ಹಾಕುತ್ತಿದ್ದರು. "ಚಿಕ್ಕಪ್ಪ, ಲೈನ್ ಕಟ್ ಆಯ್ತಾ?" ಎಂದು ಅಣ್ಣನ ಮಗ ಕೇಳಿದ. ಹೌದಪ್ಪ ಎಂದೆ. ಅದು ನಿಜವಲ್ಲ. ಲೈನ್ ಕಟ್ ಆಗಿರಲಿಲ್ಲ.

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆಸ್ಪತ್ರೆಯ ವಾರ್ಡುಗಳಲ್ಲಿ ಓಡಾಡಿದವನು ನಾನು. ರೋಗಿಯ ಮಂಚದ ಪಕ್ಕ ಗ್ಲೂಕೋಸ್ ಬಾಟಲಿ ತೂಗುತ್ತಿದೆ ಎಂದ ಮಾತ್ರಕ್ಕೆ ಅವನಿಗೆ ಬೇಕಾದಷ್ಟು ನೀರಿನಂಶ ಸಿಗುತ್ತಿದೆ ಎಂದುಕೊಳ್ಳಬಾರದು. ಎಷ್ಟು ಒಳಗೆ ಹೋಗುತ್ತಿದೆ, ಎಷ್ಟು ಹೊರಗೆ ಹೋಗುತ್ತಿದೆ ಎಂಬ ಚಾರ್ಟ್ ನೋಡಬೇಕು. ಕಿರಿಯ ವೈದ್ಯರಿಗೆ ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆ ರಾತ್ರಿ ನಾನು ಬಾಟಲಿ ನೋಡಿದೆ, ಚಾರ್ಟ್ ನೋಡಲಿಲ್ಲ. ಆಮೇಲೆ ಈ ವಿಷಯವನ್ನು ಕೂತು ಓದಿದೆ, ಮನೆಯಲ್ಲಿದ್ದ ಚಾರ್ಜರುಗಳನ್ನೆಲ್ಲ ಮೇಜಿನ ಮೇಲೆ ಹರವಿ ಲೇಬಲ್ ನೋಡಿದೆ. ತಿಳಿದದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ಎಂಜಿನಿಯರ್ ಮಿತ್ರರು ನಮ್ಮ ಸಂಘದಲ್ಲಿ ಬಹಳ ಮಂದಿ ಇದ್ದಾರೆ. ಅವರಿಗೆ ಇದರಲ್ಲಿ ಹೊಸದೇನೂ ಇರಲಾರದು. ಉಳಿದ ನಮ್ಮಂಥವರಿಗಾಗಿ ಈ ಬರಹ.

ವೋಲ್ಟ್, ಆಂಪಿಯರ್, ವ್ಯಾಟ್

ನಮ್ಮೂರಿನ ಮನೆಯ ಮೇಲಿನ ನೀರಿನ ಟ್ಯಾಂಕನ್ನು ನೆನಪಿಸಿಕೊಳ್ಳಿ. ಟ್ಯಾಂಕ್ ಎಷ್ಟು ಎತ್ತರದಲ್ಲಿದೆಯೋ ಅಷ್ಟು ಒತ್ತಡ. ಅದು ವೋಲ್ಟ್. ನಲ್ಲಿಯಲ್ಲಿ ಹರಿಯುವ ನೀರಿನ ಪ್ರಮಾಣ ಆಂಪಿಯರ್. ಎರಡನ್ನೂ ಗುಣಿಸಿದರೆ ಸಿಗುವುದು ವ್ಯಾಟ್, ಅಂದರೆ ಒಟ್ಟು ಶಕ್ತಿ ಎಷ್ಟು ವೇಗವಾಗಿ ಬರುತ್ತಿದೆ ಎಂಬುದು.

ಹಳೆಯ ಪುಟ್ಟ ಫೋನ್ ಚಾರ್ಜರ್ 5 ವೋಲ್ಟಿನಲ್ಲಿ 1 ಆಂಪಿಯರ್ ಕೊಡುತ್ತದೆ: 5 ವ್ಯಾಟ್. ನನ್ನ ಹೆಂಡತಿಯ ಫೋನ್ ಚಾರ್ಜರ್ 9 ವೋಲ್ಟ್, 2 ಆಂಪಿಯರ್: 18 ವ್ಯಾಟ್. ನನ್ನ ಲ್ಯಾಪ್‌ಟಾಪಿನದು 20 ವೋಲ್ಟ್, 3.25 ಆಂಪಿಯರ್: 65 ವ್ಯಾಟ್. ತೆಳುವಾದ ಹಗುರ ಲ್ಯಾಪ್‌ಟಾಪುಗಳಿಗೆ 30ರಿಂದ 65 ವ್ಯಾಟ್ ಸಾಕಾಗುತ್ತದೆ. 16 ಅಂಗುಲದ ಮ್ಯಾಕ್‌ಬುಕ್ ಪ್ರೊ ಜೊತೆ 140 ವ್ಯಾಟಿನ ಚಾರ್ಜರ್ ಬರುತ್ತದೆ. ಮೊಮ್ಮಕ್ಕಳು ಗೇಮ್ ಆಡುವ ದಪ್ಪ ಲ್ಯಾಪ್‌ಟಾಪುಗಳ ಇಟ್ಟಿಗೆಯಂಥ ಚಾರ್ಜರುಗಳಲ್ಲಿ 200 ವ್ಯಾಟ್ ದಾಟಿದವೂ ಇವೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಸಾಮಾನ್ಯ. ದೊಡ್ಡ ಚಾರ್ಜರ್ ಹಾಕಿದರೆ ಅದು ಚಿಕ್ಕ ಉಪಕರಣಕ್ಕೆ ಜಾಸ್ತಿ ಕರೆಂಟ್ ತುರುಕಿ ಸುಟ್ಟುಬಿಡುತ್ತದೆ ಎಂಬ ಭಯ ಅದು. ವೋಲ್ಟ್ ಹೊಂದಿಕೆಯಾಗಿದ್ದರೆ ಎಷ್ಟು ಆಂಪಿಯರ್ ಬೇಕೋ ಅಷ್ಟನ್ನು ಉಪಕರಣವೇ ಎಳೆದುಕೊಳ್ಳುತ್ತದೆ. ಚಾರ್ಜರಿನ ಮೇಲೆ ಬರೆದ ಆಂಪಿಯರ್ ಅದು ಕೊಡಬಲ್ಲ ಗರಿಷ್ಠ ಮಿತಿ, ಅಷ್ಟೆ. ಹಂಡೆ ದೊಡ್ಡದಾದರೆ ಚೊಂಬಿಗೆ ತೊಂದರೆಯಿಲ್ಲ. ತೊಂದರೆ ಬರುವುದು ಹಂಡೆ ತುಂಬಬೇಕಾದಾಗ ಚೊಂಬು ಹಿಡಿದುಕೊಂಡು ಹೋದರೆ.

ಆ ರಾತ್ರಿಯ ಲೆಕ್ಕ

ನನ್ನ ಲ್ಯಾಪ್‌ಟಾಪಿನ ಬ್ಯಾಟರಿ ತುಂಬಿದ್ದಾಗ ಹಿಡಿಯುವುದು ಸುಮಾರು 50 ವ್ಯಾಟ್-ಗಂಟೆ. ಅದರ ಶೇಕಡ 40 ಎಂದರೆ 20. ಪರದೆಯ ಬೆಳಕು ಪೂರ್ತಿ ಏರಿಸಿ ವಿಡಿಯೊ ಕರೆ ನಡೆಸುವಾಗ ಆ ಹಳೆಯ ಯಂತ್ರ ಫ್ಯಾನ್ ಸದ್ದು ಮಾಡುತ್ತ ಸುಮಾರು 33 ವ್ಯಾಟ್ ತಿನ್ನುತ್ತದೆ. ಫೋನ್ ಚಾರ್ಜರ್ ಕೊಡುತ್ತಿದ್ದದ್ದು 18. ಕೊರತೆ 15 ವ್ಯಾಟ್. ಆ ಕೊರತೆಯನ್ನು ಬ್ಯಾಟರಿ ತುಂಬಿಕೊಡಬೇಕು. 20ನ್ನು 15ರಿಂದ ಭಾಗಿಸಿದರೆ ಒಂದು ಗಂಟೆ ಇಪ್ಪತ್ತು ನಿಮಿಷ.

ಚಾರ್ಜರ್ ಹಾಕದೇ ಇದ್ದಿದ್ದರೆ ಸುಮಾರು 36 ನಿಮಿಷಕ್ಕೇ ಮುಗಿಯುತ್ತಿತ್ತು. ಹಾಗಾಗಿ ಆ ಚಾರ್ಜರ್ ನಿಷ್ಪ್ರಯೋಜಕವಾಗಿತ್ತು ಎನ್ನಲಾರೆ. ಮುಕ್ಕಾಲು ಗಂಟೆಯನ್ನು ಕೊಡಿಸಿತು. ಆದರೆ ಚಾರ್ಜರ್ ಇಲ್ಲದಿದ್ದರೆ ನಾನು ಬ್ಯಾಟರಿಯ ಅಂಕಿಯನ್ನು ನೋಡುತ್ತ ಎಚ್ಚರವಾಗಿರುತ್ತಿದ್ದೆ. ಪ್ಲಗ್ಗಿನ ಗುರುತು ಆ ಎಚ್ಚರವನ್ನು ತೆಗೆದುಬಿಟ್ಟಿತು. ಕಡಿಮೆ ಶಕ್ತಿಯ ಚಾರ್ಜರಿನ ನಿಜವಾದ ಅಪಾಯ ಬಹಳ ಸಲ ಇದೇ: ಯಂತ್ರಕ್ಕೆ ಏಟಾಗುವುದಿಲ್ಲ, ನಾವು ಮೋಸಹೋಗುತ್ತೇವೆ.

ನಮ್ಮ ವೈದ್ಯಕೀಯದಲ್ಲಿ ಏಂಜೈನಾ ಎಂಬ ಎದೆನೋವು ಇದೆ. ಹೃದಯಕ್ಕೆ ರಕ್ತ ಒಯ್ಯುವ ನಾಳ ಕಿರಿದಾಗಿರುತ್ತದೆ. ಕೂತಿರುವಾಗ ಬರುವಷ್ಟು ರಕ್ತ ಸಾಕು, ನೋವಿಲ್ಲ. ಮೆಟ್ಟಿಲು ಹತ್ತಿದಾಗ ಬೇಡಿಕೆ ಏರುತ್ತದೆ, ಪೂರೈಕೆ ಏರುವುದಿಲ್ಲ, ನೋವು ಶುರು. ಕಡಿಮೆ ವ್ಯಾಟಿನ ಚಾರ್ಜರಿಗೆ ಅಂಟಿದ ಲ್ಯಾಪ್‌ಟಾಪ್ ಹೀಗೆಯೇ. ಪತ್ರಿಕೆ ಓದುವಾಗ, ಒಂದು ಪತ್ರ ಟೈಪ್ ಮಾಡುವಾಗ ಬ್ಯಾಟರಿ ನಿಧಾನವಾಗಿ ಏರುತ್ತಲೂ ಇರಬಹುದು. ವಿಡಿಯೊ ಕರೆ, ಗೇಮ್, ಫೋಟೊಗಳ ಕೆಲಸ ಶುರುವಾದರೆ ಇಳಿಯತೊಡಗುತ್ತದೆ. ಮುಚ್ಚಿಟ್ಟು ಮಲಗಿದರೆ ಬೆಳಗ್ಗೆ ತುಂಬಿರುತ್ತದೆ. "ನಿನ್ನೆ ರಾತ್ರಿ ಇದೇ ಚಾರ್ಜರಿನಲ್ಲಿ ತುಂಬಿತ್ತಲ್ಲ" ಎಂಬ ಗೊಂದಲ ಹುಟ್ಟುವುದು ಇದರಿಂದಲೇ.

ಯುಎಸ್‌ಬಿ-ಸಿ: ಮಾತಾಡಿಕೊಳ್ಳುವ ಪಿನ್ನು

ಈಗಿನ ಅಂಡಾಕಾರದ ಪುಟ್ಟ ಪಿನ್ನಿಗೆ ಯುಎಸ್‌ಬಿ-ಸಿ ಎಂದು ಹೆಸರು. 2014ರಲ್ಲಿ ಇದರ ವಿನ್ಯಾಸ ಪ್ರಕಟವಾಯಿತು. ಫೋನು, ಟ್ಯಾಬ್ಲೆಟ್, ಲ್ಯಾಪ್‌ಟಾಪ್ ಎಲ್ಲಕ್ಕೂ ಇದೇ ಆಗುತ್ತಿದೆ. ಐರೋಪ್ಯ ಒಕ್ಕೂಟದಲ್ಲಿ 2024ರ ಡಿಸೆಂಬರ್ 28ರಿಂದ ಮಾರುವ ಹೊಸ ಫೋನುಗಳಿಗೂ 2026ರ ಏಪ್ರಿಲ್ 28ರಿಂದ ಮಾರುವ ಹೊಸ ಲ್ಯಾಪ್‌ಟಾಪುಗಳಿಗೂ ಇದನ್ನು ಕಡ್ಡಾಯ ಮಾಡುವ ಕಾನೂನು ಬಂದಿದೆ. ಒಂದೇ ಪಿನ್ ಆದದ್ದರಿಂದ ಅನುಕೂಲ ಬಹಳ. ಹಾಗೆಯೇ ನನ್ನಂತೆ ಎಡವುವವರೂ ಹೆಚ್ಚು, ಏಕೆಂದರೆ ಪಿನ್ನಿನ ಆಕಾರ ನೋಡಿ ಶಕ್ತಿ ಎಷ್ಟೆಂದು ಹೇಳಲಾಗದು.

ಸಮಾಧಾನದ ಸಂಗತಿ ಎಂದರೆ ಈ ಪಿನ್ನಿನಲ್ಲಿ ಚಾರ್ಜರೂ ಲ್ಯಾಪ್‌ಟಾಪೂ ಮೊದಲು ಮಾತಾಡಿಕೊಳ್ಳುತ್ತವೆ. ಚುಚ್ಚಿದ ಕೂಡಲೇ ಬರುವುದು 5 ವೋಲ್ಟ್ ಮಾತ್ರ. ಆಮೇಲೆ ಚಾರ್ಜರ್ ತನ್ನ ಬಳಿ ಇರುವುದನ್ನು ಪಟ್ಟಿ ಒಪ್ಪಿಸುತ್ತದೆ: 5, 9, 15, 20 ವೋಲ್ಟ್‌ಗಳಲ್ಲಿ ಯಾವುದಿದೆ, ಎಷ್ಟು ಆಂಪಿಯರ್ ಕೊಡಬಲ್ಲೆ ಎಂದು. ಲ್ಯಾಪ್‌ಟಾಪ್ ಅದರಲ್ಲಿ ಒಂದನ್ನು ಕೇಳುತ್ತದೆ, ಚಾರ್ಜರ್ ಒಪ್ಪಿ ವೋಲ್ಟ್ ಏರಿಸುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಮುಗಿಯುವ ಈ ವ್ಯವಹಾರಕ್ಕೆ ಪವರ್ ಡೆಲಿವರಿ ಎನ್ನುತ್ತಾರೆ. ಮೊದಲು ಇದರ ಮಿತಿ 100 ವ್ಯಾಟ್ ಇತ್ತು. 2021ರಲ್ಲಿ 240 ವ್ಯಾಟಿಗೆ ಏರಿಸಿದರು.

ಹೀಗೆ ಮಾತುಕತೆ ಇರುವುದರಿಂದ ಒಳ್ಳೆಯ ಕಂಪನಿಯ ಕಡಿಮೆ ವ್ಯಾಟಿನ ಚಾರ್ಜರ್ ಹಾಕಿದರೆ ಲ್ಯಾಪ್‌ಟಾಪ್ ಸುಡುವುದಿಲ್ಲ, ಚಾರ್ಜರೂ ಸುಡುವುದಿಲ್ಲ. ಆಗುವುದು ಈ ನಾಲ್ಕರಲ್ಲಿ ಒಂದು. ನಿಧಾನವಾಗಿ ಚಾರ್ಜ್ ಆಗುತ್ತದೆ. ಅಥವಾ ಬ್ಯಾಟರಿ ಏರದೆ ಇಳಿಯದೆ ನಿಂತಲ್ಲೇ ನಿಲ್ಲುತ್ತದೆ. ಅಥವಾ ನನಗಾದಂತೆ ಚಾರ್ಜರ್ ಇದ್ದೂ ಇಳಿಯುತ್ತದೆ. ಇಲ್ಲವೇ "ಇದು ನನಗೆ ಸಾಲದು" ಎಂದು ಲ್ಯಾಪ್‌ಟಾಪ್ ಪೂರ್ತಿ ನಿರಾಕರಿಸುತ್ತದೆ. ಕೆಲವು ಯಂತ್ರಗಳು 5 ಅಥವಾ 9 ವೋಲ್ಟನ್ನು ಸ್ವೀಕರಿಸುವುದೇ ಇಲ್ಲ. ಇನ್ನು ಕೆಲವು ಶಕ್ತಿ ಉಳಿಸಲು ತಮ್ಮ ವೇಗವನ್ನೇ ತಗ್ಗಿಸಿಕೊಳ್ಳುತ್ತವೆ. ಲ್ಯಾಪ್‌ಟಾಪ್ ಇದ್ದಕ್ಕಿದ್ದಂತೆ ಮಂಕಾಗಿದೆ, ವೈರಸ್ ಬಂದಿದೆಯೇ ಎಂದು ಯಾರಾದರೂ ಕೇಳಿದರೆ ಈಗ ನಾನು ಮೊದಲು ಕೇಳುವುದು ಯಾವ ಚಾರ್ಜರ್ ಹಾಕಿದ್ದೀರಿ ಎಂದು.

ಕೇಬಲ್, ಮತ್ತು ಎರಡು ತೂತಿನ ಚಾರ್ಜರ್

ಚಾರ್ಜರ್ ಸರಿಯಿದ್ದೂ ಶಕ್ತಿ ಕಡಿಮೆಯಾಗುವ ಮೂರು ಸಂದರ್ಭಗಳಿವೆ. ಮೊದಲನೆಯದು ಕೇಬಲ್. ಸಾಮಾನ್ಯ ಯುಎಸ್‌ಬಿ-ಸಿ ಕೇಬಲ್ 3 ಆಂಪಿಯರ್ ತನಕ ಮಾತ್ರ. 20 ವೋಲ್ಟಿನಲ್ಲಿ 60 ವ್ಯಾಟ್. ಅದಕ್ಕಿಂತ ಹೆಚ್ಚು ಬೇಕಾದರೆ ತನ್ನ ಸಾಮರ್ಥ್ಯವನ್ನು ತಿಳಿಸುವ ಪುಟ್ಟ ಚಿಪ್ ಒಳಗಿರುವ 5 ಆಂಪಿಯರಿನ ಕೇಬಲ್ ಬೇಕು. 140 ವ್ಯಾಟಿನ ಚಾರ್ಜರಿಗೆ ಫೋನಿನ ಕೇಬಲ್ ಸಿಕ್ಕಿಸಿದರೆ 60 ವ್ಯಾಟ್ ದಾಟುವುದಿಲ್ಲ.

ಎರಡನೆಯದು, ಒಂದು ಕೊನೆಯಲ್ಲಿ ಹಳೆಯ ಅಗಲ ಚಪ್ಪಟೆ ಯುಎಸ್‌ಬಿ ಇರುವ ಕೇಬಲ್. ಅದರಲ್ಲಿ ಮೇಲೆ ಹೇಳಿದ ಮಾತುಕತೆ ಸಾಮಾನ್ಯವಾಗಿ ನಡೆಯುವುದಿಲ್ಲ, 5 ವೋಲ್ಟ್ ಅಷ್ಟೇ ಬರುತ್ತದೆ. ಲ್ಯಾಪ್‌ಟಾಪಿಗೆ ಅದನ್ನು ನೆಚ್ಚಿಕೊಳ್ಳಬೇಡಿ.

ಮೂರನೆಯದು ಎರಡು ಮೂರು ತೂತುಗಳಿರುವ ಚಾರ್ಜರ್. ಪೆಟ್ಟಿಗೆಯ ಮೇಲೆ 65 ವ್ಯಾಟ್ ಎಂದು ದೊಡ್ಡಕ್ಷರದಲ್ಲಿರುತ್ತದೆ. ಅದು ಒಂದೇ ಉಪಕರಣ ಹಾಕಿದಾಗ. ಪಕ್ಕದ ತೂತಿಗೆ ಫೋನ್ ಸಿಕ್ಕಿಸಿದ ಕ್ಷಣ ಅದು ಹಂಚಿಕೊಳ್ಳುತ್ತದೆ. ಅನೇಕ ಚಾರ್ಜರುಗಳಲ್ಲಿ ಲ್ಯಾಪ್‌ಟಾಪಿಗೆ 45, ಫೋನಿಗೆ 20. ಮುಖ್ಯವಾದ ಕರೆಯ ಮಧ್ಯೆ ಮಗಳೋ ಮೊಮ್ಮಗನೋ ಬಂದು ಫೋನ್ ಚುಚ್ಚಿ ಹೋದರೆ ನಿಮಗೆ ಗೊತ್ತೇ ಆಗುವುದಿಲ್ಲ.

ಹಳೆಯ ದುಂಡು ಪಿನ್ನು: ಇಲ್ಲಿ ಜೋಪಾನ

ಇಲ್ಲಿಯತನಕ ಹೇಳಿದ ಧೈರ್ಯದ ಮಾತು ದುಂಡು ಪಿನ್ನಿನ ಹಳೆಯ ಚಾರ್ಜರುಗಳಿಗೆ ಅನ್ವಯಿಸುವುದಿಲ್ಲ. ಅವುಗಳಲ್ಲಿ ಹೆಚ್ಚಿನವು ಮಾತಾಡುವುದಿಲ್ಲ. ಚುಚ್ಚಿದ ಕೂಡಲೇ ತಮ್ಮ ಪೂರ್ತಿ ವೋಲ್ಟ್ ಬಿಡುತ್ತವೆ.

ಮೊದಲು ವೋಲ್ಟ್ ನೋಡಬೇಕು. ಲ್ಯಾಪ್‌ಟಾಪ್ ಕೇಳುವುದು 19.5 ವೋಲ್ಟ್ ಎಂದಿದ್ದು 12 ವೋಲ್ಟಿನ ಚಾರ್ಜರ್ ಹಾಕಿದರೆ ಬಹುತೇಕ ಅದು ಚಾರ್ಜ್ ಆಗುವುದಿಲ್ಲ. ಉಲ್ಟಾ ಮಾಡಿದರೆ, ಅಂದರೆ 12 ವೋಲ್ಟ್ ಬೇಡುವ ಉಪಕರಣಕ್ಕೆ 19.5 ಕೊಟ್ಟರೆ, ಒಳಗಿನ ಸರ್ಕ್ಯೂಟ್ ಹಾಳಾಗಬಹುದು. ಪಿನ್ನಿನ ನಡುಭಾಗ ಪ್ಲಸ್ಸೋ ಮೈನಸ್ಸೋ ಎಂಬ ಪುಟ್ಟ ಚಿತ್ರವೂ ಲೇಬಲ್ಲಿನ ಮೇಲಿರುತ್ತದೆ, ಅದೂ ಹೊಂದಬೇಕು.

ಆಮೇಲೆ ಆಂಪಿಯರ್. 19.5 ವೋಲ್ಟಿನಲ್ಲಿ 2.31 ಆಂಪಿಯರ್ ಎಂದರೆ 45 ವ್ಯಾಟ್, 3.34 ಎಂದರೆ 65, 4.62 ಎಂದರೆ 90. ಮೂರಕ್ಕೂ ಒಂದೇ ಪಿನ್ ಇರಬಹುದು. 90 ವ್ಯಾಟ್ ಬೇಡುವ ಯಂತ್ರಕ್ಕೆ 45ರದ್ದನ್ನು ಹಾಕಿದಾಗ, ಚಾರ್ಜರಿನ ಶಕ್ತಿ ಎಷ್ಟೆಂದು ತಿಳಿಯುವ ವ್ಯವಸ್ಥೆ ಯಂತ್ರದಲ್ಲಿ ಇಲ್ಲದಿದ್ದರೆ ಅದು ಎಳೆಯುತ್ತಲೇ ಹೋಗುತ್ತದೆ. ಚಾರ್ಜರ್ ಕಾಯುತ್ತದೆ. ಒಳ್ಳೆಯ ಚಾರ್ಜರಾದರೆ ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. ಆಗ ಬ್ಯಾಟರಿಯ ಗುರುತು ಬಂದು ಹೋಗಿ ಮಾಡುತ್ತಿರುತ್ತದೆ. ರಕ್ಷಣೆಯ ವ್ಯವಸ್ಥೆ ಇಲ್ಲದ ಅಗ್ಗದ ಚಾರ್ಜರಾದರೆ ಕರಗಬಹುದು, ಹೊಗೆ ಬರಬಹುದು, ಬೆಂಕಿಯೂ ಹತ್ತಬಹುದು. ಕೆಲವು ತಯಾರಕರು ಇದಕ್ಕೆಂದೇ ಪಿನ್ನಿನ ನಡುವೆ ತೆಳುವಾದ ಇನ್ನೊಂದು ಸೂಜಿ ಇಟ್ಟು ಚಾರ್ಜರ್ ಎಷ್ಟು ವ್ಯಾಟಿನದೆಂದು ಲ್ಯಾಪ್‌ಟಾಪಿಗೆ ತಿಳಿಯುವಂತೆ ಮಾಡಿದ್ದಾರೆ. ಆಗ ಪರದೆಯ ಮೇಲೆ ಎಚ್ಚರಿಕೆ ಬರುತ್ತದೆ. ಅದನ್ನು ಓದದೆ ಎಂಟರ್ ಒತ್ತಬೇಡಿ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೇ ಕೊಳ್ಳಿ, ಇಲ್ಲಿ ಆನ್‌ಲೈನಿನಲ್ಲೇ ತರಿಸಿ, ಮಾನ್ಯತೆಯ ಮುದ್ರೆ ನೋಡಿ. ಅಮೆರಿಕದಲ್ಲಿ ಯುಎಲ್ ಅಥವಾ ಇಟಿಎಲ್ ಗುರುತು, ಭಾರತದಲ್ಲಿ ಬಿಐಎಸ್ ಗುರುತು. ಮುಟ್ಟಲಾಗದಷ್ಟು ಬಿಸಿಯಾಗುವ ಚಾರ್ಜರನ್ನು ಬಳಸಬೇಡಿ. ಯಾವ ಚಾರ್ಜರನ್ನೂ ದಿಂಬಿನ ಕೆಳಗೆ, ರಜಾಯಿಯ ಒಳಗೆ ಇಡಬೇಡಿ.

ಬ್ಯಾಟರಿಗೆ ಪೆಟ್ಟೇ?

ನಿಧಾನವಾಗಿ ಚಾರ್ಜ್ ಆಗುವುದರಿಂದ ಲಿಥಿಯಂ ಬ್ಯಾಟರಿಗೆ ಕೇಡಿಲ್ಲ. ಬಿಸಿ ಕಡಿಮೆಯಾದ್ದರಿಂದ ಅದಕ್ಕೆ ಹಿತವೇ. ಆದರೆ ದಿನವಿಡೀ ಕಡಿಮೆ ಶಕ್ತಿಯ ಚಾರ್ಜರ್ ಹಾಕಿಕೊಂಡು ಭಾರೀ ಕೆಲಸ ಮಾಡಿದರೆ ಬ್ಯಾಟರಿ ಬರಿದಾಗುವುದು, ಮತ್ತೆ ತುಂಬುವುದು ನಡೆದೇ ಇರುತ್ತದೆ. ಇಂಥ ಪ್ರತಿ ಸುತ್ತಿಗೂ ಬ್ಯಾಟರಿಯ ಆಯುಸ್ಸು ಚೂರು ಸವೆಯುತ್ತದೆ.

ಹಳೆಯ ಬ್ಯಾಟರಿಯ ವಿಷಯದಲ್ಲಿ ಇನ್ನೊಂದು ಮಾತು. ಯಂತ್ರದ ಬೇಡಿಕೆ ಒಮ್ಮೆಲೇ ಏರಿದಾಗ ಚಾರ್ಜರಿನ ಕೊರತೆಯನ್ನು ತುಂಬುವುದು ಬ್ಯಾಟರಿ. ವಯಸ್ಸಾದ ಹೃದಯಕ್ಕೆ ಹೆಚ್ಚುವರಿ ಕಸುವು ಇಲ್ಲದಂತೆ ಸವೆದ ಬ್ಯಾಟರಿಗೂ ಇರುವುದಿಲ್ಲ. ಸವೆದ ಬ್ಯಾಟರಿ, ಸಾಲದ ಚಾರ್ಜರ್ ಎರಡೂ ಸೇರಿದರೆ ಲ್ಯಾಪ್‌ಟಾಪ್ ಯಾವ ಮುನ್ಸೂಚನೆಯೂ ಇಲ್ಲದೆ ಆರಿಹೋಗಬಹುದು. ಬ್ಯಾಟರಿ ಊದಿಕೊಂಡು ಕೀಲಿಮಣೆ ಉಬ್ಬಿದಂತೆ ಕಂಡರೆ ಚಾರ್ಜ್ ಮಾಡುವುದನ್ನು ಅಲ್ಲಿಗೇ ನಿಲ್ಲಿಸಿ, ಒತ್ತದೆ ಚುಚ್ಚದೆ ರಿಪೇರಿಯವರಿಗೆ ಕೊಡಿ.

ಊರಿಗೆ ಹೋಗುವಾಗ

ನಮ್ಮವರು ಕೇಳುವ ಇನ್ನೊಂದು ಪ್ರಶ್ನೆ: ಇಲ್ಲಿ 120 ವೋಲ್ಟ್, ಅಲ್ಲಿ 230, ಚಾರ್ಜರ್ ಸುಡುವುದಿಲ್ಲವೇ? ಲೇಬಲ್ಲಿನಲ್ಲಿ ಇನ್‌ಪುಟ್ ಎಂಬ ಸಾಲು ನೋಡಿ. 100ರಿಂದ 240 ವೋಲ್ಟ್, 50/60 ಹರ್ಟ್ಸ್ ಎಂದಿದ್ದರೆ ಎರಡೂ ಕಡೆ ನಡೆಯುತ್ತದೆ. ಬಹುತೇಕ ಲ್ಯಾಪ್‌ಟಾಪ್ ಚಾರ್ಜರುಗಳು ಹೀಗೇ ಇರುತ್ತವೆ. ಭಾರದ ಕನ್ವರ್ಟರ್ ಬೇಡ, ನಮ್ಮೂರಿನ ದುಂಡು ತೂತುಗಳಿಗೆ ಹೊಂದುವ ಅಡಾಪ್ಟರ್ ಸಾಕು. ಹಗುರವಾಗಲೆಂದು ಫೋನ್ ಚಾರ್ಜರ್ ಒಂದನ್ನೇ ಒಯ್ಯುವ ಬದಲು ಲ್ಯಾಪ್‌ಟಾಪಿನ ಯುಎಸ್‌ಬಿ-ಸಿ ಚಾರ್ಜರ್ ಒಂದನ್ನೇ ಒಯ್ಯಿರಿ. ದೊಡ್ಡದು ಫೋನಿಗೂ ಆಗುತ್ತದೆ, ಚಿಕ್ಕದು ಲ್ಯಾಪ್‌ಟಾಪಿಗೆ ಸಾಲುವುದಿಲ್ಲ.

ಈ ವಾರ ಹತ್ತು ನಿಮಿಷ ಕೊಡಿ

ಮನೆಯ ಚಾರ್ಜರುಗಳನ್ನೆಲ್ಲ ಮೇಜಿನ ಮೇಲೆ ಇಡಿ. ಭೂತಗನ್ನಡಿ ಬೇಕಾಗುತ್ತದೆ, ಅಕ್ಷರಗಳು ಅಷ್ಟು ಸಣ್ಣ. ಔಟ್‌ಪುಟ್ ಎಂಬ ಸಾಲಿನಲ್ಲಿ ವೋಲ್ಟನ್ನೂ ಆಂಪಿಯರನ್ನೂ ಗುಣಿಸಿ. ಹಲವು ಜೋಡಿಗಳಿದ್ದರೆ ಅತಿ ದೊಡ್ಡದನ್ನು ತೆಗೆದುಕೊಳ್ಳಿ. ಬಂದ ವ್ಯಾಟನ್ನು ಬಿಳಿ ಟೇಪಿನ ಮೇಲೆ ದಪ್ಪಗೆ ಬರೆದು ಚಾರ್ಜರಿಗೆ ಅಂಟಿಸಿ. ಲ್ಯಾಪ್‌ಟಾಪಿನ ಜೊತೆ ಬಂದ ಚಾರ್ಜರಿನ ವ್ಯಾಟನ್ನು ಲ್ಯಾಪ್‌ಟಾಪಿನ ಅಡಿಗೂ ಅಂಟಿಸಿ. ಚಾರ್ಜರಿನ ಅಂಕಿ ಲ್ಯಾಪ್‌ಟಾಪಿನ ಅಂಕಿಗೆ ಸಮನಾಗಿರಬೇಕು ಇಲ್ಲವೇ ದೊಡ್ಡದಿರಬೇಕು. ದುಂಡು ಪಿನ್ನಾದರೆ ವೋಲ್ಟೂ ಒಂದೇ ಆಗಿರಬೇಕು.

ಮುಖ್ಯವಾದ ಕರೆ ಇದ್ದ ದಿನ ಇನ್ನೊಂದು ಸಣ್ಣ ಪರೀಕ್ಷೆ. ಕರೆ ಶುರುವಾದಾಗ ಬ್ಯಾಟರಿ ಎಷ್ಟಿದೆ ಎಂದು ಕಾಗದದಲ್ಲಿ ಬರೆದುಕೊಳ್ಳಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಅಂಕಿ ಇಳಿದಿದ್ದರೆ ಪ್ಲಗ್ಗಿನ ಗುರುತು ಏನೇ ಹೇಳಲಿ, ಎದ್ದು ಸರಿಯಾದ ಚಾರ್ಜರ್ ತನ್ನಿ. ಊರಿನಲ್ಲಿರುವ ವಯಸ್ಸಾದ ಅಪ್ಪ ಅಮ್ಮಂದಿರ ಲ್ಯಾಪ್‌ಟಾಪಿಗೂ ಮುಂದಿನ ಸಲ ಹೋದಾಗ ಈ ಟೇಪ್ ಅಂಟಿಸಿ ಬನ್ನಿ. ನಮ್ಮನ್ನೂ ಅವರನ್ನೂ ಸೇರಿಸುತ್ತಿರುವುದು ಆ ಒಂದು ಪರದೆ.

ಪ್ರಯಾಣ ಸಾಧ್ಯವಾದ ಮೇಲೆ ಮೈಸೂರಿಗೆ ಹೋದೆ. ಅತ್ತಿಗೆಗೆ ನಡೆದದ್ದನ್ನು ಹೇಳಿ ತಪ್ಪಾಯಿತು ಎಂದೆ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಮನೆಗೆ ಬಂದವರು ಅವರು. "ನೀನು ನೋಡ್ತಿದ್ದೀಯ ಅಂದ್ಕೊಂಡೇ ಎಲ್ಲಾ ಹೇಳಿದೆ ಕಣಪ್ಪ" ಎಂದರು. ಆಮೇಲೆ ಒಂದು ಲೋಟ ಕಾಫಿ ಕೊಟ್ಟು, ಅವತ್ತು ಹೇಳಿದ್ದನ್ನೆಲ್ಲ ಮತ್ತೆ ಮೊದಲಿಂದ ಹೇಳಿದರು. ಅಲ್ಲಿಂದ ಹೊರಡುವ ಮುಂಚೆ ಅಣ್ಣನ ಮಗನ ಚಾರ್ಜರಿನ ಮೇಲೆ 65 ಎಂದು ಬರೆದು ಟೇಪ್ ಅಂಟಿಸಿ ಬಂದಿದ್ದೇನೆ.